ನಿಮ್ಮ ಜೀನ್ ವರದಿಯನ್ನು ಓದಿದವರು ಯಾರು?

ಹದಿನೈದು ವರ್ಷಗಳ ಹಿಂದೆ ರೋಗಿಗಳು ನಮ್ಮ ಮೇಜಿನ ಮೇಲಿಡುತ್ತಿದ್ದ ವರದಿಗಳು ಸರಳವಾಗಿದ್ದವು. ರಕ್ತದಲ್ಲಿ ಸಕ್ಕರೆ ಇಷ್ಟಿದೆ, ಇಷ್ಟಿರಬೇಕು. ಹಿಮೋಗ್ಲೋಬಿನ್ ಇಷ್ಟಿದೆ, ಇಷ್ಟಿರಬೇಕು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮನೆಯವರಿಗೂ ಅರ್ಥವಾಗುತ್ತಿತ್ತು. ಈಗ ಹತ್ತು ಹನ್ನೆರಡು ಪುಟಗಳ ಜೀನ್ ಪರೀಕ್ಷೆಯ ವರದಿ ಹಿಡಿದು ಬರುವ ಕುಟುಂಬಗಳು ಹೆಚ್ಚುತ್ತಿವೆ. ಮಗುವಿಗೆ ಪದೇ ಪದೇ ಫಿಟ್ಸ್ ಬರುತ್ತದೆ, ತಾಯಿಗೆ ಸ್ತನ ಕ್ಯಾನ್ಸರ್ ಇತ್ತು, ಎರಡು ಸಲ ಗರ್ಭ ನಿಲ್ಲಲಿಲ್ಲ: ಕಾರಣಗಳು ಹಲವು. ಒಂದು ಸಣ್ಣ ಕೊಳವೆ ರಕ್ತ ಕೊಟ್ಟರೆ ಕೆಲ ವಾರಗಳಲ್ಲಿ ವರದಿ ಕೈಗೆ ಬರುತ್ತದೆ.

ಆ ವರದಿಯ ಮೂರನೆಯದೋ ನಾಲ್ಕನೆಯದೋ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ‘ಇನ್ ಸಿಲಿಕೊ ಪ್ರಿಡಿಕ್ಷನ್: ಡ್ಯಾಮೇಜಿಂಗ್’ ಎಂಬ ಒಂದು ಸಾಲು ಇರುತ್ತದೆ. ಇದನ್ನು ಓದಿ ರಾತ್ರಿಯೆಲ್ಲ ನಿದ್ದೆ ಬಿಟ್ಟವರನ್ನು ನಾನು ನೋಡಿದ್ದೇನೆ. ‘ಡ್ಯಾಮೇಜ್ ಆಗಿದೆ ಅಂತ ಬರೆದಿದ್ದಾರಲ್ಲ ಡಾಕ್ಟ್ರೇ’ ಎನ್ನುತ್ತಾರೆ. ಬರೆದಿರುವುದು ಅದಲ್ಲ. ‘ಕಂಪ್ಯೂಟರಿನ ಅಂದಾಜಿನ ಪ್ರಕಾರ ಈ ಬದಲಾವಣೆ ಹಾನಿಕರ ಇರಬಹುದು’ ಎಂಬುದಷ್ಟೇ ಅದರ ಅರ್ಥ. ಸಿಲಿಕೊ ಎಂದರೆ ಕಂಪ್ಯೂಟರಿನ ಬಿಲ್ಲೆಗಳನ್ನು ಮಾಡುವ ಸಿಲಿಕಾನ್. ಅಂದರೆ ಮನುಷ್ಯನ ದೇಹದಲ್ಲಿ ಕಂಡ ಸಂಗತಿಯಲ್ಲ, ಯಂತ್ರದೊಳಗೆ ಹಾಕಿದ ಲೆಕ್ಕ.

ಈ ಲೆಕ್ಕ ಹಾಕುವ ಯಂತ್ರಕ್ಕೆ ವಿದ್ಯೆ ಎಲ್ಲಿಂದ ಬಂತು? ಸ್ವಾರಸ್ಯ ಇರುವುದು ಇಲ್ಲಿ. ಮಿದುಳಿನ ನರಕೋಶ, ಬೆಕ್ಕಿನ ಕಣ್ಣು, ಜೀವವಿಕಾಸ, ಇರುವೆಗಳ ಸಾಲು, ಇವುಗಳನ್ನು ನೋಡಿ ಕಲಿತ ಲೆಕ್ಕದ ವಿಧಾನಗಳೇ ಇಂದು ತಿರುಗಿ ಜೀವಿಯ ಒಳಗನ್ನು ಓದಲು ಬಳಕೆಯಾಗುತ್ತಿವೆ. ಈ ವಿಧಾನಗಳು ಹೇಗೆ ಕೆಲಸ ಮಾಡುತ್ತವೆಂದು ಸ್ವಲ್ಪ ತಿಳಿದುಕೊಂಡರೆ, ಅವುಗಳ ಮಾತನ್ನು ಎಷ್ಟು ನಂಬಬೇಕು ಎಂಬುದೂ ತಿಳಿಯುತ್ತದೆ.

ಒಂದೇ ಅಕ್ಷರ ತಪ್ಪಿದರೆ

ನಮ್ಮ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಎಂಬ ದಾರವಿದೆ. ಅದರಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಸುಮಾರು 300 ಕೋಟಿ ಅಕ್ಷರಗಳಷ್ಟು ಬರಹವಿದೆ. ಇದರಲ್ಲಿ ಪ್ರೋಟೀನು ತಯಾರಿಸುವ ಸೂಚನೆಗಳಿರುವ ಜೀನ್‌ಗಳು ಸುಮಾರು 20 ಸಾವಿರ. ಯಾವುದೇ ಇಬ್ಬರ ಬರಹ ಪೂರ್ತಿ ಒಂದೇ ಆಗಿರುವುದಿಲ್ಲ. ವಿಜ್ಞಾನಿಗಳು ಮಾದರಿಯಾಗಿ ಇಟ್ಟುಕೊಂಡಿರುವ ಬರಹಕ್ಕೆ ಹೋಲಿಸಿದರೆ ನಿಮ್ಮದರಲ್ಲಿ, ನನ್ನದರಲ್ಲಿ, ಪ್ರತಿಯೊಬ್ಬರದರಲ್ಲೂ 40ರಿಂದ 50 ಲಕ್ಷ ಕಡೆ ವ್ಯತ್ಯಾಸವಿರುತ್ತದೆ. ಇವುಗಳಲ್ಲಿ ಬಹುಪಾಲು ನಿರಪಾಯಕಾರಿ. ಮೂಗಿನ ಆಕಾರದಲ್ಲಿ, ಕೂದಲಿನ ಸುರುಳಿಯಲ್ಲಿ ವ್ಯತ್ಯಾಸವಿರುವಂತೆ ಇವೂ ಇವೆ. ಆದರೆ ಕೆಲವು ಪ್ರಾಣಕ್ಕೆ ಎರವಾಗುತ್ತವೆ.

ಸಿಕಲ್ ಸೆಲ್ ರಕ್ತಹೀನತೆ ಇದಕ್ಕೆ ಉತ್ತಮ ಉದಾಹರಣೆ. ನಮ್ಮ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಗಿರಿಜನರಲ್ಲಿ ಈ ಕಾಯಿಲೆ ಇದೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ಪಕ್ಕದ ನೀಲಗಿರಿಯ ಗಿರಿಜನರಲ್ಲಿ. ಹಿಮೋಗ್ಲೋಬಿನ್ನಿನ ಬೀಟಾ ಎಳೆಯಲ್ಲಿ 146 ಅಮೈನೋ ಆಮ್ಲಗಳ ಮಣಿಗಳು ಪೋಣಿಸಿಕೊಂಡಿರುತ್ತವೆ. ಜೀನಿನಲ್ಲಿ ಎ ಇರಬೇಕಾದ ಒಂದು ಕಡೆ ಟಿ ಬಂದರೆ, ಆರನೆಯ ಮಣಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಆಗುತ್ತದೆ. ಅಷ್ಟಕ್ಕೇ, ಆಮ್ಲಜನಕ ಕಡಿಮೆಯಾದಾಗ ದುಂಡಗಿನ ಕೆಂಪು ಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಮಗು ಮೂಳೆ ನೋವಿನಿಂದ ಚೀರುತ್ತದೆ.

ಇದನ್ನು ನಾವು ಖಚಿತವಾಗಿ ಹೇಳಬಲ್ಲೆವು. ಏಕೆಂದರೆ ಸಾವಿರಾರು ರೋಗಿಗಳ ರಕ್ತವನ್ನು ಕಣ್ಣಾರೆ ನೋಡಿದ್ದೇವೆ. 1949ರಲ್ಲಿ ಲೈನಸ್ ಪೌಲಿಂಗ್ ತಂಡ, ಅನಂತರ 1956ರಲ್ಲಿ ವೆರ್ನನ್ ಇಂಗ್ರಾಂ, ಪ್ರಯೋಗಾಲಯದಲ್ಲಿ ಈ ದೋಷವನ್ನು ಹುಡುಕಿ ತೋರಿಸಿದ್ದಾರೆ. ಆದರೆ ನಿಮ್ಮ ವರದಿಯಲ್ಲಿ ಕಂಡಿರುವ ಬದಲಾವಣೆ ಪ್ರಪಂಚದಲ್ಲಿ ಇನ್ನಾರಲ್ಲೂ ಕಾಣದೇ ಇದ್ದರೆ? ಆಗ ನೋಡಿ ಹೇಳುವವರೇ ಇಲ್ಲ. ಆಗಲೇ ಕಂಪ್ಯೂಟರನ್ನು ಕೇಳುವುದು.

ತೆಂಗಿನಕಾಯಿ ಆರಿಸುವ ವಿದ್ಯೆ

ಅಂಗಡಿಯಲ್ಲಿ ತೆಂಗಿನಕಾಯಿ ಆರಿಸುವಾಗ ನಮ್ಮ ಹಿರಿಯರು ಏನು ಮಾಡುತ್ತಾರೆಂದು ನೆನಪಿಸಿಕೊಳ್ಳಿ. ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಬೆರಳ ಗಿಣ್ಣಿನಿಂದ ತಟ್ಟುತ್ತಾರೆ. ಕಣ್ಣಿನ ಬಳಿ ಒದ್ದೆಯಿದೆಯೇ ನೋಡುತ್ತಾರೆ. ಕೈಯಲ್ಲೇ ತೂಗುತ್ತಾರೆ. ಮನೆಗೆ ತಂದು ಒಡೆದಾಗ ಕೊಳೆತಿದ್ದರೆ, ಮುಂದಿನ ಸಲ ಯಾವ ಗುರುತಿಗೆ ಹೆಚ್ಚು ಬೆಲೆ ಕೊಡಬೇಕು, ಯಾವುದಕ್ಕೆ ಕಡಿಮೆ ಎಂಬುದು ಮನಸ್ಸಿನಲ್ಲಿ ತಾನಾಗಿ ತಿದ್ದಿಕೊಳ್ಳುತ್ತದೆ. ನೂರು ಕಾಯಿ ಒಡೆದವರಿಗೆ ಈ ವಿದ್ಯೆ ಬರುತ್ತದೆ. ಆದರೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಕೃತಕ ನರಜಾಲ ಎನ್ನುವುದು ಇದೇ. ನರಕೋಶವೊಂದು ನೂರಾರು ಕಡೆಯಿಂದ ಸಂದೇಶ ಪಡೆಯುತ್ತದೆ, ಅವು ಒಟ್ಟುಗೂಡಿ ಒಂದು ಮಟ್ಟ ದಾಟಿದರೆ ಮಾತ್ರ ತಾನು ಸಂದೇಶ ಕಳಿಸುತ್ತದೆ. ಇದನ್ನು ಗಣಿತದ ಭಾಷೆಯಲ್ಲಿ ಮೊದಲು ಬರೆದವರು 1943ರಲ್ಲಿ ವಾರನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್. 1958ರಲ್ಲಿ ಫ್ರಾಂಕ್ ರೋಸೆನ್‌ಬ್ಲಾಟ್ ಎಂಬ ಮನಶ್ಶಾಸ್ತ್ರಜ್ಞ ಇದಕ್ಕೆ ತಪ್ಪಿನಿಂದ ಕಲಿಯುವ ಗುಣವನ್ನು ಸೇರಿಸಿ ‘ಪರ್ಸೆಪ್ಟ್ರಾನ್’ ಎಂದು ಹೆಸರಿಟ್ಟ. ಪ್ರತಿ ಗುರುತಿಗೂ ಒಂದು ತೂಕ. ಉತ್ತರ ತಪ್ಪಾದಾಗ ತೂಕಗಳನ್ನು ಸ್ವಲ್ಪ ಸ್ವಲ್ಪ ತಿದ್ದುವುದು. ಒಟ್ಟಿನಲ್ಲಿ ತೆಂಗಿನಕಾಯಿಯ ಲೆಕ್ಕವೇ.

ಜೀವಶಾಸ್ತ್ರದವರು ಇದನ್ನು ಬೇಗನೆ ಕೈಗೆತ್ತಿಕೊಂಡರು. 1982ರಲ್ಲಿಯೇ ಗ್ಯಾರಿ ಸ್ಟಾರ್ಮೊ ಮತ್ತು ಸಂಗಡಿಗರು ಪರ್ಸೆಪ್ಟ್ರಾನ್ ವಿಧಾನಕ್ಕೆ ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಜೀನ್ ಬರಹವನ್ನು ಕೊಟ್ಟು, ಪ್ರೋಟೀನು ತಯಾರಿಕೆ ಯಾವ ಅಕ್ಷರದಿಂದ ಶುರುವಾಗುತ್ತದೆಂದು ಗುರುತಿಸುವುದನ್ನು ಕಲಿಸಿದರು. 1988ರಲ್ಲಿ ಚಿಯಾನ್ ಮತ್ತು ಸೆಜ್‌ನೋಸ್ಕಿ ಪ್ರೋಟೀನಿನ ಎಳೆ ಎಲ್ಲಿ ಸುರುಳಿಯಾಗುತ್ತದೆ, ಎಲ್ಲಿ ಚಪ್ಪಟೆಯಾಗುತ್ತದೆ ಎಂಬುದನ್ನು ನರಜಾಲದಿಂದ ಊಹಿಸಿದರು. ಆಗಿನ ಕಂಪ್ಯೂಟರುಗಳ ಶಕ್ತಿ ಕಡಿಮೆ, ಕಲಿಸಲು ಉದಾಹರಣೆಗಳೂ ಕಡಿಮೆ. ಹೀಗಾಗಿ ಈ ಕೆಲಸ ಬಹಳ ಕಾಲ ತಜ್ಞರ ನಡುವೆಯೇ ಉಳಿಯಿತು.

ಇನ್ನು ಬೆಕ್ಕಿನ ಕಥೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸಲ್ ಎಂಬಿಬ್ಬರು 1950ರ ದಶಕದ ಕೊನೆಯಲ್ಲಿ ಬೆಕ್ಕಿನ ಮಿದುಳಿನ ದೃಷ್ಟಿಭಾಗದಲ್ಲಿ ಸೂಕ್ಷ್ಮ ತಂತಿ ಇರಿಸಿ, ಅದಕ್ಕೆ ಚುಕ್ಕೆಗಳ ಚಿತ್ರ ತೋರಿಸುತ್ತಿದ್ದರು. ನರಕೋಶ ಸುಮ್ಮನಿತ್ತು. ಗಾಜಿನ ಸ್ಲೈಡನ್ನು ಯಂತ್ರಕ್ಕೆ ತೂರಿಸುವಾಗ ಅದರ ಅಂಚಿನ ನೆರಳು ಪರದೆಯ ಮೇಲೆ ಹಾದುಹೋದಾಗ ಅದು ಒಮ್ಮೆಲೆ ಪಟಪಟನೆ ಸದ್ದು ಮಾಡಿತು! ಆ ನರಕೋಶಕ್ಕೆ ಬೇಕಿದ್ದುದು ಚುಕ್ಕೆಯಲ್ಲ, ಒಂದು ಓರೆ ಗೆರೆ. ಕೆಲವು ಕೋಶಗಳು ಗೆರೆಗಳನ್ನು ಗುರುತಿಸುತ್ತವೆ, ಅವುಗಳಿಂದ ಸುದ್ದಿ ಪಡೆವ ಮುಂದಿನ ಕೋಶಗಳು ಇನ್ನೂ ಸಂಕೀರ್ಣ ಆಕಾರಗಳನ್ನು ಗುರುತಿಸುತ್ತವೆ. ಈ ಕೆಲಸಕ್ಕೆ ಇವರಿಗೆ 1981ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ ಇದೇ ಮಾದರಿಯಲ್ಲಿ, ಮಹಡಿಯ ಮೇಲೆ ಮಹಡಿ ಕಟ್ಟಿದಂತೆ, ಪದರ ಪದರವಾದ ನರಜಾಲವನ್ನು ಕಟ್ಟಿದರು. ಇಂದು ಕಂಪ್ಯೂಟರ್ ಚಿತ್ರಗಳನ್ನು ಗುರುತಿಸುವುದರ ಹಿಂದೆ ಈ ಪದರಗಳ ಉಪಾಯ ಇದೆ.

ನಮ್ಮ ನಾಡಿಗೂ ಇದರ ನಂಟಿದೆ. ಮಧುಮೇಹಿಗಳ ಅಕ್ಷಿಪಟಲ ಕೆಡುವುದನ್ನು ಫೋಟೋ ನೋಡಿ ಪತ್ತೆ ಮಾಡುವ ನರಜಾಲವೊಂದರ ವರದಿ 2016ರಲ್ಲಿ ಪ್ರಕಟವಾಯಿತು. ಅದಕ್ಕೆ ಪಾಠ ಹೇಳಿದ 1,28,175 ಚಿತ್ರಗಳಲ್ಲಿ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯದ ರೋಗಿಗಳ ಚಿತ್ರಗಳೂ ಇದ್ದವು.

ಎರಡು ವರ್ಷಗಳ ನಂತರ, 2018ರಲ್ಲಿ, ಇದೇ ಬಗೆಯ ಜಾಲವನ್ನು ಜೀನ್ ಓದಲು ಬಳಸಿದ ‘ಡೀಪ್ ವೇರಿಯಂಟ್’ ವಿಧಾನದ ವಿವರ ಪ್ರಕಟವಾಯಿತು. ಜೀನ್ ಓದುವ ಯಂತ್ರಗಳು ಬರಹವನ್ನು ಒಮ್ಮೆಲೆ ಓದುವುದಿಲ್ಲ. ನೂರು ನೂರೈವತ್ತು ಅಕ್ಷರಗಳ ತುಣುಕುಗಳಾಗಿ, ಒಂದೇ ಜಾಗವನ್ನು ಹಲವಾರು ಸಲ ಓದುತ್ತವೆ, ಮಧ್ಯೆ ತಪ್ಪನ್ನೂ ಮಾಡುತ್ತವೆ. ಈ ತುಣುಕುಗಳನ್ನು ಒಂದರ ಕೆಳಗೊಂದು ಜೋಡಿಸಿ ಬಣ್ಣದ ಚಿತ್ರವಾಗಿಸಿ ನರಜಾಲಕ್ಕೆ ತೋರಿಸಲಾಗುತ್ತದೆ. ಇಲ್ಲಿ ಕಾಣುವ ವ್ಯತ್ಯಾಸ ನಿಜವೋ, ಯಂತ್ರದ ತಪ್ಪೋ. ನಿಜವಾದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದುದೋ, ಇಬ್ಬರಿಂದಲೋ ಎಂದು ಅದು ತೀರ್ಮಾನ ಹೇಳುತ್ತದೆ. ಬೆಕ್ಕು ಗೆರೆ ನೋಡುವ ವಿದ್ಯೆ ಇಲ್ಲಿಯವರೆಗೆ ಬಂದಿದೆ. ಎಲ್ಲ ಪ್ರಯೋಗಾಲಯಗಳೂ ಇದನ್ನೇ ಬಳಸುವುದಿಲ್ಲ. ಬೇರೆ ಲೆಕ್ಕದ ವಿಧಾನಗಳೂ ಇವೆ.

ವಿಕಾಸವನ್ನು ಯಂತ್ರದೊಳಗೆ ಇಳಿಸಿದಾಗ

ಅಮೆರಿಕದ ಜಾನ್ ಹಾಲೆಂಡ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇನ್ನೊಂದು ದಾರಿ ತೋರಿಸಿದರು. ಒಂದು ಕಠಿಣ ಪ್ರಶ್ನೆಗೆ ನೂರಾರು ಉತ್ತರಗಳನ್ನು ಕುರುಡಾಗಿ ಹುಟ್ಟಿಸಿ. ಅವುಗಳಲ್ಲಿ ಸ್ವಲ್ಪ ವಾಸಿ ಎನ್ನಿಸುವವನ್ನು ಉಳಿಸಿ, ಉಳಿದುದನ್ನು ಬಿಡಿ. ಉಳಿದವುಗಳ ಅರ್ಧ ಅರ್ಧ ಬೆರೆಸಿ ಹೊಸ ಪೀಳಿಗೆ ಹುಟ್ಟಿಸಿ, ಅಲ್ಲಲ್ಲಿ ಒಂದೊಂದು ಅಕ್ಷರ ಬದಲಿಸಿ. ಸಾವಿರಾರು ಪೀಳಿಗೆ ಹೀಗೇ ನಡೆಸಿದರೆ ಒಳ್ಳೆಯ ಉತ್ತರ ಕೈಗೆ ಸಿಗುತ್ತದೆ. ರೈತರು ಒಳ್ಳೆಯ ತೆನೆಯ ಬೀಜವನ್ನೇ ಮುಂದಿನ ಬಿತ್ತನೆಗೆ ಎತ್ತಿಡುವುದಿಲ್ಲವೇ, ಹಾಗೆ.

ಔಷಧ ಹುಡುಕುವವರಿಗೆ ಇದು ಒದಗಿಬಂತು. ರೋಗಾಣುವಿನ ಪ್ರೋಟೀನಿನಲ್ಲಿರುವ ಸಣ್ಣ ಕುಳಿಯಲ್ಲಿ ಔಷಧದ ಅಣು ಸರಿಯಾಗಿ ಕೂರಬೇಕು. ಅಣು ಮೈ ತಿರುಗಿಸಬಹುದು, ಕೈಕಾಲು ಮಡಚಬಹುದು, ಭಂಗಿಗಳು ಲೆಕ್ಕವಿಲ್ಲದಷ್ಟು. 1998ರಲ್ಲಿ ‘ಆಟೋಡಾಕ್’ ಎಂಬ ತಂತ್ರಾಂಶಕ್ಕೆ ಈ ವಿಕಾಸದ ಲೆಕ್ಕವನ್ನು ಸೇರಿಸಿದರು. ಅದಕ್ಕೆ ಇಟ್ಟ ಹೆಸರು ತಮಾಷೆಯಾಗಿದೆ: ಲಾಮಾರ್ಕನ ವಿಧಾನ. ತಂದೆ ಜೀವಮಾನದಲ್ಲಿ ಸಾಧಿಸಿದ ಗುಣ ಮಗನಿಗೆ ಬರುತ್ತದೆ ಎಂಬ ಲಾಮಾರ್ಕನ ವಾದವನ್ನು ಶಾಲೆಯಲ್ಲಿ ನಾವೆಲ್ಲ ‘ತಪ್ಪು ಸಿದ್ಧಾಂತ’ ಎಂದು ಓದಿದ್ದೇವೆ. ಪ್ರಕೃತಿಯಲ್ಲಿ ನಡೆಯದ್ದು ಕಂಪ್ಯೂಟರಿನೊಳಗೆ ನಡೆಯಿತು!

ಎಚ್‌ಐವಿ ವೈರಸ್ ತನ್ನ ಬರಹವನ್ನು ನಮ್ಮ ಡಿಎನ್‌ಎಗೆ ಹೊಲಿಯಲು ಇಂಟಿಗ್ರೇಸ್ ಎಂಬ ಕಿಣ್ವವನ್ನು ಬಳಸುತ್ತದೆ. ಆ ಕಿಣ್ವದಲ್ಲಿ ಯಾರೂ ಗಮನಿಸದ ಇನ್ನೊಂದು ಕುಳಿ ತೆರೆದು ಮುಚ್ಚುವುದನ್ನು 2004ರಲ್ಲಿ ಕಂಪ್ಯೂಟರಿನ ಇಂಥ ಲೆಕ್ಕಗಳೇ ಸೂಚಿಸಿದವು. ಈ ಕಿಣ್ವವನ್ನು ತಡೆಯುವ ಮೊದಲ ಔಷಧ ರಾಲ್ಟೆಗ್ರಾವಿರ್‌ಗೆ 2007ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಔಷಧದ ಪೂರ್ತಿ ಯಶಸ್ಸನ್ನು ಯಂತ್ರದ ಖಾತೆಗೆ ಬರೆಯುವುದು ಬೇಡ. ರಸಾಯನಶಾಸ್ತ್ರಜ್ಞರ ವರ್ಷಗಟ್ಟಲೆ ದುಡಿಮೆ, ಸ್ವಇಚ್ಛೆಯಿಂದ ಪ್ರಯೋಗಕ್ಕೆ ಒಳಗಾದ ರೋಗಿಗಳು, ಎಲ್ಲವೂ ಇದರಲ್ಲಿದೆ. ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಡೊಲುಟೆಗ್ರಾವಿರ್ ಇದೇ ಗುಂಪಿಗೆ ಸೇರಿದ ಮಾತ್ರೆ.

ಇರುವೆಗಳ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಸಕ್ಕರೆ ಡಬ್ಬಿಗೆ ಹೋಗುವ ಇರುವೆಗಳು ದಾರಿಯುದ್ದಕ್ಕೂ ವಾಸನೆಯ ಗುರುತು ಬಿಡುತ್ತವೆ. ಹತ್ತಿರದ ದಾರಿಯಲ್ಲಿ ಓಡಾಟ ಬೇಗ ಬೇಗ ಆಗುವುದರಿಂದ ಅಲ್ಲಿ ವಾಸನೆ ಗಾಢವಾಗಿ, ಉಳಿದ ಇರುವೆಗಳೂ ಅತ್ತಲೇ ತಿರುಗುತ್ತವೆ. ಮಾರ್ಕೊ ಡೊರಿಗೊ 1992ರಲ್ಲಿ ಇದನ್ನು ಲೆಕ್ಕದ ವಿಧಾನವಾಗಿಸಿದರು. ಜೀನ್ ಸಂಶೋಧಕರು ಇದನ್ನು ಬಳಸುವುದು ಜೋಡಿ ಹುಡುಕಲು. ಎರಡು ಬದಲಾವಣೆಗಳು ಒಟ್ಟಿಗೆ ಇದ್ದರೆ ಮಾತ್ರ ಕಾಯಿಲೆ ಬರುವುದುಂಟು. 5 ಲಕ್ಷ ಬದಲಾವಣೆಗಳಲ್ಲಿ ಎರಡೆರಡರ ಜೋಡಿ ಹಾಕಿದರೆ ಸುಮಾರು 12,500 ಕೋಟಿ ಜೋಡಿಗಳಾಗುತ್ತವೆ. ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುವ ಬದಲು ಕಂಪ್ಯೂಟರಿನ ಇರುವೆಗಳನ್ನು ಬಿಟ್ಟು ಭರವಸೆಯ ದಾರಿ ಹಿಡಿಯುತ್ತಾರೆ. ಕೋಗಿಲೆ, ಬಾವಲಿ, ತೋಳಗಳ ಹೆಸರಿನಲ್ಲೂ ಇಂಥ ವಿಧಾನಗಳು ಬಂದಿವೆ. ಅವುಗಳಲ್ಲಿ ಎಷ್ಟೋ ಹೆಸರು ಹೊಸದು, ಹೂರಣ ಹಳೆಯದು ಎಂದು ಆ ಕ್ಷೇತ್ರದವರೇ ಟೀಕಿಸಿದ್ದಾರೆ. ನಿಮ್ಮ ವರದಿಯಲ್ಲಿ ಇವುಗಳ ಪಾತ್ರ ಇಲ್ಲವೆಂದೇ ಹೇಳಬೇಕು.

ರಾಮಚಂದ್ರನ್ ಅವರಿಂದ ನೊಬೆಲ್‌ವರೆಗೆ

ಅಮೈನೋ ಆಮ್ಲಗಳ ಮಾಲೆ ತನ್ನಷ್ಟಕ್ಕೆ ಮಡಿಚಿಕೊಂಡು ಒಂದು ನಿರ್ದಿಷ್ಟ ಆಕಾರ ಪಡೆದಾಗಲೇ ಪ್ರೋಟೀನು ಕೆಲಸ ಮಾಡುವುದು. ಯಾವ ಕೋನದಲ್ಲಿ ಮಡಿಚುವುದು ಸಾಧ್ಯ, ಯಾವುದು ಅಸಾಧ್ಯ ಎಂದು 1963ರಲ್ಲಿ ನಕ್ಷೆ ಬರೆದು ತೋರಿಸಿದವರು ಮದರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಅವರು ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಇಂದಿಗೂ ಪ್ರೋಟೀನಿನ ಯಾವುದೇ ಹೊಸ ಆಕಾರ ಸರಿಯಿದೆಯೇ ಎಂದು ನೋಡುವಾಗ ರಾಮಚಂದ್ರನ್ ನಕ್ಷೆಗೆ ಹೋಲಿಸುವುದು ವಾಡಿಕೆ.

ಅಕ್ಷರಗಳನ್ನು ನೋಡಿಯೇ ಪೂರ್ತಿ ಆಕಾರವನ್ನು ಹೇಳುವುದು ಮಾತ್ರ ಐವತ್ತು ವರ್ಷ ಯಾರಿಂದಲೂ ಆಗಿರಲಿಲ್ಲ. 2020ರ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ‘ಆಲ್ಫಾಫೋಲ್ಡ್’ ಎಂಬ ನರಜಾಲ ಅದನ್ನು ಬಹುಮಟ್ಟಿಗೆ ಮಾಡಿ ತೋರಿಸಿತು. ಅದರ ಗುಟ್ಟು ಜೀವವಿಕಾಸದಲ್ಲಿಯೇ ಇದೆ. ಮನುಷ್ಯ, ಇಲಿ, ಮೀನು, ಬ್ಯಾಕ್ಟೀರಿಯಾ, ಹೀಗೆ ಸಾವಿರಾರು ಜೀವಿಗಳಲ್ಲಿ ಒಂದೇ ಪ್ರೋಟೀನಿನ ಬರಹವನ್ನು ಅದು ಹೋಲಿಸುತ್ತದೆ. ಒಂದು ಜಾಗದ ಮಣಿ ಬದಲಾದಾಗಲೆಲ್ಲ ದೂರದ ಇನ್ನೊಂದು ಮಣಿಯೂ ಬದಲಾಗಿದ್ದರೆ, ಮಡಿಚಿದಾಗ ಅವೆರಡೂ ನೆರೆಹೊರೆಯವರು ಎಂದು ಊಹಿಸಬಹುದು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿತ ಆಕಾರಗಳು ಎಲ್ಲರಿಗೂ ಉಚಿತವಾಗಿ ದೊರೆತವು. 2024ರ ರಸಾಯನಶಾಸ್ತ್ರದ ನೊಬೆಲ್ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಅದೇ ವರ್ಷದ ಭೌತಶಾಸ್ತ್ರದ ನೊಬೆಲ್ ನರಜಾಲಗಳ ಕೆಲಸಕ್ಕಾಗಿ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಸಂದಿತು.

ನಮ್ಮ ಮೂಲ ಪ್ರಶ್ನೆಗೆ ಹತ್ತಿರವಾದುದು ಇದರ ಮುಂದಿನ ಹೆಜ್ಜೆ. 2023ರಲ್ಲಿ ‘ಆಲ್ಫಾಮಿಸೆನ್ಸ್’ ಎಂಬ ವಿಧಾನ, ಸಿಕಲ್ ಸೆಲ್‌ನಲ್ಲಿ ಆದಂತೆ ಒಂದು ಮಣಿಯ ಬದಲು ಇನ್ನೊಂದು ಬರುವ, ಸಾಧ್ಯವಿರುವ 7 ಕೋಟಿ 10 ಲಕ್ಷ ಬದಲಾವಣೆಗಳಿಗೆ ಅಂಕ ಕೊಟ್ಟಿತು. ಅದರ ಪ್ರಕಾರ ನೂರಕ್ಕೆ 57 ನಿರಪಾಯಕಾರಿ ಇರಬಹುದು, 32 ಹಾನಿಕರ ಇರಬಹುದು, ಉಳಿದ 11ರ ಬಗ್ಗೆ ಏನೂ ಹೇಳಲಾಗದು. ಮನುಷ್ಯರು ಪರಿಶೀಲಿಸಿ ಖಚಿತಪಡಿಸಿಕೊಂಡಿದ್ದು ಆಗ ಎಷ್ಟಿತ್ತು ಗೊತ್ತೆ? ಸಾವಿರಕ್ಕೆ ಒಂದರಷ್ಟು!

‘ಅನಿಶ್ಚಿತ’ ಎಂದರೆ ಅರ್ಧಂಬರ್ಧ ಅಲ್ಲ

ಈಗ ನಿಮ್ಮ ವರದಿಗೆ ಬರೋಣ. 2015ರಲ್ಲಿ ಅಮೆರಿಕದ ತಜ್ಞರು ರೂಪಿಸಿದ, ನಮ್ಮಲ್ಲೂ ಪಾಲಿಸುವ ಪದ್ಧತಿಯಲ್ಲಿ ಐದು ದರ್ಜೆಗಳಿವೆ: ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರಪಾಯಕಾರಿ, ನಿರಪಾಯಕಾರಿ. ‘ಬಹುಶಃ’ ಎಂದು ಬರೆಯಬೇಕಾದರೆ ಶೇಕಡ 90ಕ್ಕಿಂತ ಹೆಚ್ಚು ಖಾತ್ರಿ ಇರಬೇಕು. ಅನಿಶ್ಚಿತ ದರ್ಜೆಯನ್ನು ವರದಿಗಳಲ್ಲಿ ‘ವಿಯುಎಸ್’ ಎಂದು ಮೂರಕ್ಷರದಲ್ಲಿ ಬರೆಯುತ್ತಾರೆ. ಕಂಪ್ಯೂಟರಿನ ಅಂದಾಜಿಗೆ ಆ ಪದ್ಧತಿಯಲ್ಲಿ ಕೊಟ್ಟ ಸ್ಥಾನ ಎಲ್ಲಕ್ಕಿಂತ ಕೆಳಗಿನದು: ಪೂರಕ ಸಾಕ್ಷಿ. ಈಚೆಗೆ ಕೆಲವು ವಿಧಾನಗಳಿಗೆ ತುಸು ಹೆಚ್ಚು ಬೆಲೆ ಕೊಡುತ್ತಿದ್ದಾರಾದರೂ, ಯಂತ್ರದ ಮಾತೊಂದರಿಂದಲೇ ಯಾರನ್ನೂ ರೋಗಿ ಎಂದು ಕರೆಯುವಂತಿಲ್ಲ.

ಮೂವತ್ನಾಲ್ಕು ವರ್ಷದ ಒಬ್ಬ ಶಿಕ್ಷಕಿ ಬಿಆರ್‌ಸಿಎ–2 ಜೀನಿನಲ್ಲಿ ಅನಿಶ್ಚಿತ ಬದಲಾವಣೆ ಇದೆ ಎಂಬ ವರದಿಯೊಂದಿಗೆ ಬಂದರು. ತಾಯಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಈ ಜೀನ್ ನಿಜವಾಗಿ ಕೆಟ್ಟಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಂಭವ ಬಹಳ ಏರುತ್ತದೆ ಎಂಬುದು ನಿಜ. ಆದರೆ ಮನೆಯವರು ‘ಅನಿಶ್ಚಿತ’ ಎಂಬುದನ್ನು ಐವತ್ತಕ್ಕೆ ಐವತ್ತು ಎಂದು ತಿಳಿದಿದ್ದರು. ಎರಡೂ ಸ್ತನಗಳನ್ನು ತೆಗೆಸಿಬಿಡುವ ಮಾತು ನಡೆದಿತ್ತು. ತಂಗಿಗೆ ಗೊತ್ತಾಗಿದ್ದ ಸಂಬಂಧವನ್ನು ಮುಂದೂಡುವ ಮಾತೂ ಇತ್ತು. ವರದಿಯ ವಿಷಯ ಬೀಗರಿಗೆ ತಿಳಿಯಬಾರದೆಂದು ಭಾವ ಫೈಲನ್ನು ಬಟ್ಟೆ ಚೀಲದಲ್ಲಿ ಸುತ್ತಿ ತಂದಿದ್ದರು.

ಅನಿಶ್ಚಿತ ಎಂದರೆ ಐವತ್ತಕ್ಕೆ ಐವತ್ತು ಅಲ್ಲ, ‘ಇನ್ನೂ ತಿಳಿದಿಲ್ಲ’ ಎಂದು. ಅಮೆರಿಕದ ದೊಡ್ಡ ಪ್ರಯೋಗಾಲಯವೊಂದರ ಅನುಭವ 2018ರಲ್ಲಿ ಪ್ರಕಟವಾಯಿತು. ಆನುವಂಶಿಕ ಕ್ಯಾನ್ಸರ್ ಜೀನ್‌ಗಳಲ್ಲಿ ‘ಅನಿಶ್ಚಿತ’ದಿಂದ ಬೇರೆ ದರ್ಜೆಗೆ ಹೋದ ಬದಲಾವಣೆಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ನಿರಪಾಯದ ಕಡೆಗೇ ಹೋಗಿದ್ದವು. ಆದ್ದರಿಂದಲೇ ಇಂಥ ವರದಿಯನ್ನು ಆಧರಿಸಿ ಶಸ್ತ್ರಚಿಕಿತ್ಸೆ ಮಾಡಿಸುವುದು, ಗರ್ಭ ತೆಗೆಸುವುದು, ಮದುವೆ ಮುರಿಯುವುದು ಕೂಡದು. ಹಾಗೆಂದು ಕೈಕಟ್ಟಿ ಕೂರಬೇಕೆಂದೂ ಅಲ್ಲ. ತಾಯಿಗೆ ಕ್ಯಾನ್ಸರ್ ಇತ್ತೆಂಬ ಸಂಗತಿಗೇ ಬೆಲೆಯಿದೆ. ಎಷ್ಟನೇ ವಯಸ್ಸಿನಿಂದ, ಎಷ್ಟು ಕಾಲಕ್ಕೊಮ್ಮೆ ಸ್ತನ ತಪಾಸಣೆ ಮಾಡಿಸಬೇಕು ಎಂಬುದನ್ನು ಆ ಕುಟುಂಬ ಚರಿತ್ರೆಯ ಮೇಲೆ ತಜ್ಞರು ಹೇಳುತ್ತಾರೆ. ಅದಕ್ಕೆ ಯಂತ್ರದ ಒಪ್ಪಿಗೆ ಬೇಕಿಲ್ಲ.

ಆ ಕುಟುಂಬದಲ್ಲಿ ಚಿಕ್ಕಮ್ಮನಿಗೂ ನಲವತ್ತಾರನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿ ಗುಣವಾಗಿತ್ತು. ಇಂಥಲ್ಲಿ ಮೊದಲು ಪರೀಕ್ಷೆ ಆಗಬೇಕಾದದ್ದು ಕಾಯಿಲೆ ಬಂದವರಿಗೆ, ಆರೋಗ್ಯವಾಗಿರುವವರಿಗಲ್ಲ. ವಂಶವಾಹಿ ತಜ್ಞರ ಸಲಹೆಯಂತೆ ಚಿಕ್ಕಮ್ಮನ ರಕ್ತ ನೋಡಿದಾಗ ಅವರಲ್ಲಿ ಆ ಬದಲಾವಣೆ ಇರಲೇ ಇಲ್ಲ. ಇದು ಪೂರ್ಣ ತೀರ್ಪಲ್ಲ, ಆದರೂ ಯಂತ್ರದ ಅಂದಾಜಿಗಿಂತ ತೂಕದ ಸಾಕ್ಷಿ. ಜೀನ್ ಪರೀಕ್ಷೆಯಲ್ಲಿ ಮನೆಯ ಹಿರಿಯರ ನೆನಪು, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂಬ ಲೆಕ್ಕ, ಇಷ್ಟು ಉಪಯೋಗಕ್ಕೆ ಬರುತ್ತದೆಂದು ಬಹಳ ಜನರಿಗೆ ತಿಳಿದಿಲ್ಲ.

ಯಾರ ಕಾಯಿ ನೋಡಿ ಕಲಿತದ್ದು?

ತಿಪಟೂರಿನ ಕಾಯಿಗಳನ್ನೇ ಒಡೆದು ಕಲಿತವರ ಕೈಗೆ ಬೇರೆ ಸೀಮೆಯ, ಬೇರೆ ತಳಿಯ ಕಾಯಿ ಕೊಟ್ಟರೆ ಲೆಕ್ಕ ತಪ್ಪುತ್ತದೆ. ನರಜಾಲದ ಸ್ಥಿತಿಯೂ ಅಷ್ಟೆ. ಜೀನ್‌ಗೂ ಕಾಯಿಲೆಗೂ ನಂಟು ಹುಡುಕುವ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ 2009ರಲ್ಲಿ ಶೇಕಡ 96, 2016ರಲ್ಲಿ ಶೇಕಡ 81 ಮಂದಿ ಯುರೋಪ್ ಮೂಲದವರು. ಅವರಲ್ಲಿ ಅಪರೂಪವಾದದ್ದು ನಮ್ಮಲ್ಲಿ ಸಾಮಾನ್ಯವಾಗಿರಬಹುದು. ಅಪರೂಪವಾದದ್ದನ್ನು ಕಂಡರೆ ಯಂತ್ರಕ್ಕೂ ತಜ್ಞರಿಗೂ ಅನುಮಾನ ಹೆಚ್ಚು.

ಇದು ಬರೀ ಊಹೆಯಲ್ಲ. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಗೆ ಕಾರಣವೆಂದು ಅಮೆರಿಕದಲ್ಲಿ ಕೆಲವು ಬದಲಾವಣೆಗಳನ್ನು ಗುರುತಿಸಿ, ಹಲವು ರೋಗಿಗಳಿಗೆ ಹಾಗೆಂದು ವರದಿ ಕೊಟ್ಟಿದ್ದರು. ಅವು ಕಪ್ಪು ಜನರಲ್ಲಿ ಸಾಮಾನ್ಯವಾಗಿರುವ, ನಿರಪಾಯಕಾರಿ ಬದಲಾವಣೆಗಳೆಂದು 2016ರಲ್ಲಿ ತಿಳಿಯಿತು. ಮೊದಲ ಅಧ್ಯಯನಗಳಲ್ಲಿ ಕೆಲವೇ ಕೆಲವು ಆರೋಗ್ಯವಂತ ಕಪ್ಪು ಜನರನ್ನು ಸೇರಿಸಿದ್ದರೂ ಈ ಎಡವಟ್ಟು ಆಗುತ್ತಿರಲಿಲ್ಲ. ಇದಕ್ಕೆ ವ್ಯತಿರಿಕ್ತ ಉದಾಹರಣೆಯೂ ಇದೆ: ಹೃದಯ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ–3 ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವುದು ಭಾರತ ಉಪಖಂಡದ ಸುಮಾರು ನೂರಕ್ಕೆ ನಾಲ್ವರಲ್ಲಿದೆ ಎಂದು 2009ರಲ್ಲಿ ಪ್ರಕಟವಾಯಿತು. ಬರೀ ಯುರೋಪಿನವರನ್ನು ನೋಡಿದ್ದರೆ ಇದು ಕಾಣುತ್ತಿರಲಿಲ್ಲ.

ಸಮಾಧಾನದ ಸಂಗತಿಯೆಂದರೆ, ದೇಶದ ಬೇರೆ ಬೇರೆ ಸಮುದಾಯಗಳಿಗೆ ಸೇರಿದ ಸುಮಾರು 10 ಸಾವಿರ ಭಾರತೀಯರ ಪೂರ್ತಿ ಜೀನ್ ಬರಹವನ್ನು ಓದಿದ ‘ಜೀನೋಮ್ ಇಂಡಿಯಾ’ ಯೋಜನೆಯ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಡಲಾಯಿತು. ಇದನ್ನು ಸಂಯೋಜಿಸಿದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ನಮ್ಮವರಲ್ಲಿ ಯಾವುದು ಸಾಮಾನ್ಯ, ಯಾವುದು ಅಪರೂಪ ಎಂಬುದು ಇನ್ನು ಮುಂದೆ ಹೆಚ್ಚು ಸ್ಪಷ್ಟವಾಗುತ್ತದೆ.

ನೀವು ಕೇಳಬೇಕಾದ ಪ್ರಶ್ನೆಗಳು

ಪರೀಕ್ಷೆಗೆ ರಕ್ತ ಕೊಡುವ ಮುಂಚೆಯೇ ವಂಶವಾಹಿ ಸಲಹೆಗಾರರ ಜತೆ ಕುಳಿತು ಮಾತನಾಡಿ. ಈ ಪರೀಕ್ಷೆಯಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ಮನೆಯಲ್ಲಿ ಮೊದಲು ಯಾರಿಗೆ ಮಾಡಿಸಬೇಕು ಎಂದು ಕೇಳಿ. ವರದಿ ಬಂದ ಮೇಲೆ ಐದರಲ್ಲಿ ಯಾವ ದರ್ಜೆ, ಅದಕ್ಕೆ ಕಂಪ್ಯೂಟರಿನ ಅಂದಾಜಲ್ಲದೆ ಬೇರೆ ಸಾಕ್ಷಿ ಏನಿದೆ ಎಂದು ಕೇಳಿ. ಹೀಗೆ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಿಸುವುದಿಲ್ಲ.

ಎಂಜಲು ಕಳಿಸಿದರೆ ಮಗುವಿನ ಪ್ರತಿಭೆ, ಕ್ರೀಡಾಶಕ್ತಿ, ಒಗ್ಗುವ ಆಹಾರ ಎಲ್ಲವನ್ನೂ ಹೇಳುತ್ತೇವೆ ಎಂಬ ಜಾಹೀರಾತುಗಳಿಗೆ ದುಡ್ಡು ಸುರಿಯಬೇಡಿ. ಮಗುವನ್ನು ಮೈದಾನಕ್ಕೆ ಕಳಿಸಿದರೆ ಓಡುತ್ತದೋ ಇಲ್ಲವೋ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ. ‘ನಿಮಗೆ ಸಕ್ಕರೆ ಕಾಯಿಲೆ ಬರುವ ಸಂಭವ ಇಷ್ಟು’ ಎಂದು ಸಾವಿರಾರು ಜೀನ್ ಬದಲಾವಣೆಗಳನ್ನು ಕೂಡಿ ಹೇಳುವ ಅಂಕಗಳೂ ಬಂದಿವೆ. ಸದ್ಯಕ್ಕೆ ಒಂದು ಅಳತೆ ಟೇಪು, ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ, ತಂದೆ ತಾಯಿಗೆ ಇತ್ತೇ ಎಂಬ ಪ್ರಶ್ನೆ, ಈ ಮೂರರಿಂದ ನಿಮ್ಮ ವೈದ್ಯರಿಗೆ ಬೇಕಾದಷ್ಟು ತಿಳಿಯುತ್ತದೆ.

ಸಿಕಲ್ ಸೆಲ್, ಥಲಸ್ಸೀಮಿಯಾಗಳಿಗಂತೂ ಇಷ್ಟೆಲ್ಲ ಯಂತ್ರವಿದ್ಯೆ ಬೇಡ. ಎಚ್‌ಪಿಎಲ್‌ಸಿ ಎಂಬ ಕಡಿಮೆ ಖರ್ಚಿನ ರಕ್ತ ಪರೀಕ್ಷೆ ವಾಹಕರನ್ನು ಸಾಮಾನ್ಯವಾಗಿ ಗುರುತಿಸಿಬಿಡುತ್ತದೆ. ಗಂಡ ಹೆಂಡತಿ ಇಬ್ಬರೂ ಒಂದೇ ದೋಷದ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ. ಸೋದರಮಾವ, ಅತ್ತೆಯ ಮಗ ಎಂದು ಒಳಸಂಬಂಧ ಬೆಳೆಸುವ ಮನೆಗಳಲ್ಲಿ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಹೆಚ್ಚು. ಮದುವೆಗೆ ಮುಂಚೆ ಈ ಪರೀಕ್ಷೆ ಮಾಡಿಸುವುದು ಜಾತಕ ತೋರಿಸುವುದಕ್ಕಿಂತ ಲೇಸು. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಡಿ ಗಿರಿಜನ ಪ್ರದೇಶಗಳಲ್ಲಿ 40 ವರ್ಷದವರೆಗಿನ ಎಲ್ಲರಿಗೂ ತಪಾಸಣೆ ಮಾಡುವ ಗುರಿಯಿದೆ.

ಕೊನೆಯದಾಗಿ ಒಂದು ಮಾತು ವರದಿಯ ದಿನಾಂಕದ ಬಗ್ಗೆ. ಸಕ್ಕರೆಯ ವರದಿ ಮೂರು ತಿಂಗಳಿಗೆ ಹಳತಾಗುತ್ತದೆ, ಎಸೆಯಬಹುದು. ಜೀನ್ ವರದಿಯನ್ನು ಎಸೆಯಬೇಡಿ. ನಿಮ್ಮ ಜೀನ್ ಬದಲಾಗುವುದಿಲ್ಲ, ಆದರೆ ಅದರ ಅರ್ಥದ ಬಗ್ಗೆ ಪ್ರಪಂಚದ ತಿಳಿವಳಿಕೆ ಬದಲಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಅದೇ ಪ್ರಯೋಗಾಲಯಕ್ಕೋ ಸಲಹೆಗಾರರಿಗೋ ತೋರಿಸಿ, ದರ್ಜೆ ಬದಲಾಗಿದೆಯೇ ಎಂದು ವಿಚಾರಿಸಿ. ಜಮೀನಿನ ಪತ್ರ ಇಡುವ ಪೆಟ್ಟಿಗೆಯಲ್ಲೇ ಅದನ್ನೂ ಇಡಿ. ಎಲ್ಲಿದೆ ಎಂಬುದನ್ನು ಮಕ್ಕಳಿಗೆ ಹೇಳಿರಿ.